ಘಾಟ್ ಕಡೆ ‘ಜಂಪಿಂಗ್ ಚಿಕನ್’ ಐತಿ ಅಂದ್ರೆ ಬೇಡ ಅನ್ನಿ

ಮಳೆ ಹಿಡಿಯಿತು ಅಂದರೆ ಬೆಳಗಾವಿಯವರಿಗೆ ರವಿವಾರ ಮನೆಯಲ್ಲಿ ಕೂರಲು ಆಗುವುದಿಲ್ಲ. ಜಾಂಬೋಟಿ, ಕಣಕುಂಬಿ, ಚೋರ್ಲಾ ಅಂತ ಗಾಡಿ ತಿರುಗಿಸುತ್ತೇವೆ. ಹೋಗಿ, ಯಾರು ಬೇಡ ಅಂದರು? ಆದರೆ ಊಟಕ್ಕೆ ಕೂತಾಗ ಯಾರಾದರೂ ಬಗ್ಗಿ ಮೆಲ್ಲಗೆ “ಸ್ಪೆಷಲ್ ಐಟಂ ಐತ್ರಿ, ಜಂಪಿಂಗ್ ಚಿಕನ್” ಅಂದರೆ ಬೇಡ ಅನ್ನಿ. ಅದು ಕೋಳಿ ಅಲ್ಲ, ಕಪ್ಪೆ ಕಾಲು. ಗೋವಾದ ಬಾರುಗಳಲ್ಲಿ ಮೊದಲಿಂದಲೂ ಗುಟ್ಟಾಗಿ ನಡೆಯುವ ಐಟಂ. ಈಗ ಘಾಟ್ ಹತ್ತಿ ನಮ್ಮ ಕಡೆಗೂ ಬಂದಿದೆ.

ಕಪ್ಪೆ ತಿನ್ನೋದು ಛೀ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಯಾರ ತಟ್ಟೆಯಲ್ಲಿ ಏನಿದೆ ಅಂತ ಮೂಗು ಮುರಿಯುವ ಚಟ ನನಗಿಲ್ಲ. ನಮ್ಮ ಕಾಕಾನ ಮಗ ಸತ್ತು ಬದುಕಿ ಬಂದಿದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ.

ಕಣಕುಂಬಿ ದಾಟಿ ಒಂದು ಸಣ್ಣ ಜಾಗ. ಹೋಂಸ್ಟೇ ಅಂತ ಬೋರ್ಡು, ಒಳಗೆ ಊಟ, ಹಿಂದೆ ಗದ್ದೆ. ಮೆನು ಕಾರ್ಡಿನಲ್ಲಿ ಚಿಕನ್ ಸುಕ್ಕಾ, ಮೊಟ್ಟೆ ಕರಿ, ಅಕ್ಕಿ ರೊಟ್ಟಿ ಅಷ್ಟೇ. ಬಡಿಸುವ ಹುಡುಗ ನಮ್ಮನ್ನು ಒಂದೆರಡು ಸಲ ನೋಡಿದ, ಪೊಲೀಸರೋ ಅರಣ್ಯದವರೋ ಅಂತ ಅಳೆದಿರಬೇಕು. ಆಮೇಲೆ ಬಂದು, “ಎಲ್ಲಾರಿಗೂ ಕೊಡಂಗಿಲ್ರಿ ಅಣ್ಣಾರ, ನೀವು ಬೆಳಗಾವಿಯವ್ರು ಅಂತ ಹೇಳಾಕತ್ತೀನಿ” ಅಂದ. ಪ್ಲೇಟಿಗೆ ಒಂಬೈನೂರು. ರೊಕ್ಕ ಕೈಯಾಗ, ಫೋನ್‌ಪೇ ಬೇಡ.

ನಮ್ಮ ಜೊತೆಗಿದ್ದ ಒಬ್ಬನಿಗೆ ಕುತೂಹಲ ಜಾಸ್ತಿ, ಅಡುಗೆ ಮನೆಗೇ ಹೋದ. ಅವನು ಕರೆದ ಅಂತ ನಾನೂ ಇಣುಕಿದೆ. ಸ್ಟೀಲ್ ಪರಾತದಲ್ಲಿ ಚರ್ಮ ಸುಲಿದ ಕಾಲುಗಳು. ಎರಡೂ ಕಾಲು ಸೊಂಟದ ಹತ್ತಿರ ಕೂಡಿಕೊಂಡೇ ಇದ್ದವು, ಮಗುವಿನ ಚಡ್ಡಿ ಹಿಂಡಿ ಒಗೆದ ಹಾಗೆ. ಅಡುಗೆಯವ ಮೇಲೆ ಉಪ್ಪು ಉದುರಿಸಿದ. ಕಾಲುಗಳು ಪಟಪಟ ಒದ್ದುಕೊಂಡವು! ಗೆಳೆಯ ಒಂದು ಹೆಜ್ಜೆ ಹಿಂದೆ ಹಾರಿದ, ಅಡುಗೆಯವ ನಕ್ಕ. ದೆವ್ವವಲ್ಲ ಮತ್ತೊಂದಲ್ಲ. ಕಪ್ಪೆ ಸತ್ತರೂ ಕಾಲಿನ ಸ್ನಾಯು ಸ್ವಲ್ಪ ಹೊತ್ತು ಜೀವಂತ ಇರುತ್ತದೆ, ಉಪ್ಪಿನ ಸೋಡಿಯಂ ತಾಗಿದರೆ ಎಳೆಯುತ್ತದೆ. ಅಂದರೆ ಅದನ್ನು ಆಗತಾನೆ ಕೊಯ್ದಿದ್ದರು.

ನಾನು ಅವತ್ತು ತಿನ್ನಲಿಲ್ಲ. ಶನಿವಾರ, ಹನುಮಪ್ಪನ ವಾರ, ಮಾಂಸ ಮುಟ್ಟುವುದಿಲ್ಲ. ತಿಂದವರು ರುಚಿಗೆ ಬಯ್ಯಲಿಲ್ಲ. ರವೆ ಹಚ್ಚಿ ಕರಿದಿದ್ದರು. “ಕೋಳಿಗಿಂತ ಮೆತ್ತಗ ಐತಿ” ಅಂದ ಒಬ್ಬ. ಇನ್ನೊಬ್ಬ, “ಇದಕ್ಕ ಒಂಬೈನೂರ ಕೊಡೂ ಬದ್ಲಿ ಜವಾರಿ ಕೋಳಿ ತರಬಹುದಿತ್ತು, ಬರೇ ಎಲಬು” ಅಂದ. ಮೂಲವ್ಯಾಧಿಗೆ ಒಳ್ಳೇದು ಅಂತ ಬಡಿಸುವ ಹುಡುಗ ಸುಮ್ನೆ ಒಂದು ಬಿಟ್ಟ.

ನಮ್ಮ ತಮ್ಮನಿಗೆ, ಅಂದರೆ ಕಾಕಾನ ಮಗನಿಗೆ, ಸಣ್ಣಂದಿನಿಂದ ಮೀನು ಆಗುವುದಿಲ್ಲ. ತಿಂದರೆ ಮೈಯೆಲ್ಲ ದದ್ದು. ಅವನು ಕೇಳಿಯೇ ಕೇಳಿದ, “ಇದು ಮೀನಿನ ಜಾತಿ ಏನ್ರಿ?” ಅಂತ. “ಇಲ್ರಿ, ಕೋಳಿ ಇದ್ದಂಗ, ನಿಶ್ಚಿಂತಿ ತಿನ್ರಿ” ಅನ್ನುವ ಉತ್ತರ ಬಂತು.

ಕೈ ತೊಳೆದು ಬರುವಷ್ಟರಲ್ಲಿ ತುಟಿ ತುರಿಸುತ್ತದೆ ಅಂದ. ಗಾಡಿ ಹತ್ತುವಾಗ ತುಟಿ, ಕಣ್ಣಿನ ರೆಪ್ಪೆ ಊದಿದ್ದವು. ಜಾಂಬೋಟಿಗೆ ಬರುವಷ್ಟರಲ್ಲಿ ದನಿ ಕಟ್ಟಿತ್ತು. ಹೊರಗೆ ಮಳೆ ಅಂದರೆ ಮಳೆ, ವೈಪರ್ ಓಡಿದರೂ ರಸ್ತೆ ಕಾಣದು, ನೆಟ್‌ವರ್ಕ್ ಇಲ್ಲ. ಬೆಳಗಾವಿ ಮುಟ್ಟಿದ್ದು ಹೇಗೆ ಅಂತ ಈಗಲೂ ಸರಿಯಾಗಿ ನೆನಪಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, “ಏನ್ ತಿಂದಾನ? ಮೀನ? ಸಿಗಡಿ? ಶೇಂಗಾ?”

“ಚಿಕನ್ ರೀ” ಅಂದ ಗೆಳೆಯ. ಅಡುಗೆ ಮನೆಗೆ ಹೋಗಿ ನೋಡಿ ಬಂದವನೇ. ಯಾಕೆ ಗೊತ್ತಾ? ಹುಡುಗ ರೊಕ್ಕ ಇಸಿದುಕೊಳ್ಳುವಾಗ, “ಹೊರಗ ಹೇಳಬ್ಯಾಡ್ರಿ, ತಿಂದವ್ರಿಗೂ ಜೇಲು” ಅಂತ ಹೆದರಿಸಿ ಕಳಿಸಿದ್ದ. ಉಸಿರು ಕಟ್ಟುತ್ತಿರುವ ಮನುಷ್ಯನ ಮುಂದೆ ನಿಂತು ಕೋಳಿಯ ಸುಳ್ಳು! ಪುಣ್ಯಕ್ಕೆ ಲಕ್ಷಣ ನೋಡಿಯೇ ಡಾಕ್ಟರ್ ತೊಡೆಗೆ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಚ್ಚಿದರು. ಆಮೇಲೆ ನರ್ಸಕ್ಕ “ಹೊಸಾದೇನರ ತಿಂದಿದ್ರೇನು?” ಅಂತ ಕೇಳಿದಾಗ ನಾನೇ ಕಪ್ಪೆ ಅಂದೆ. ಆಕೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಒಮ್ಮೆ ಮುಖ ನೋಡಿದಳು. ಅಷ್ಟೇ. ಬೈಯಲಿಲ್ಲ, ಪೊಲೀಸರಿಗೂ ಹೇಳಲಿಲ್ಲ.

ಡಾಕ್ಟರ್ ಆಮೇಲೆ ತಿಳಿಸಿ ಹೇಳಿದರು. ಮೀನಿನ ಮಾಂಸದಲ್ಲಿ ಪಾರ್ವಾಲ್ಬುಮಿನ್ ಅನ್ನುವ ಪ್ರೋಟೀನ್ ಇರುತ್ತದೆ. ಮೀನಿನ ಅಲರ್ಜಿ ಇರುವ ಬಹಳಷ್ಟು ಜನರಿಗೆ ಆಗದಿರುವುದು ಅದೇ. ಕಪ್ಪೆಯಲ್ಲೂ ಹೆಚ್ಚುಕಡಿಮೆ ಅಂಥದ್ದೇ ಪ್ರೋಟೀನ್ ಇದೆ. ಎಷ್ಟು ಕರಿದರೂ, ಕುದಿಸಿದರೂ ಅದು ಸುಲಭಕ್ಕೆ ಕೆಡುವುದಿಲ್ಲ. ಹಾಗಾಗಿ ಮೀನು ಆಗದವರು ಕಪ್ಪೆಯನ್ನು ಕೋಳಿ ಲೆಕ್ಕದಲ್ಲಿ ತಿನ್ನುವ ಹಾಗಿಲ್ಲ. ಇಂಥ ರಿಯಾಕ್ಷನ್ ಒಮ್ಮೆ ಇಳಿದು ಕೆಲವು ತಾಸಿನ ಮೇಲೆ ತಿರುಗಿ ಬರಬಹುದು ಅಂತ ರಾತ್ರಿ ಅಲ್ಲೇ ಇಟ್ಟುಕೊಂಡರು.

ಮರುದಿನ ಆ ಜಾಗದ ಮಾಲಕರಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ಮೀನು ಆಗದವರಿಗೆ ಕೊಡಬೇಡಿ ಅಂತ ಹೇಳಲಿಕ್ಕೆ. “ನಮ್ಮಲ್ಲಿ ಅಂಥಾದ್ದು ಮಾಡಂಗಿಲ್ರಿ, ಬಿಲ್ ನೋಡ್ರಿ” ಅಂದರು. ಬಿಲ್ ನೋಡಿದೆ. ‘ಚಿಕನ್ ಸುಕ್ಕಾ’ ಅಂತಿತ್ತು, ಅದೂ ಕಪ್ಪೆಯ ರೊಕ್ಕ ಬಿಟ್ಟು. ಮೆನುವಿನಲ್ಲಿ ಇಲ್ಲದ್ದು, ಬಿಲ್ಲಿನಲ್ಲಿ ಇಲ್ಲದ್ದು, ಫೋನ್‌ಪೇಯಲ್ಲೂ ಇಲ್ಲದ್ದು. ಯಾವ ಆಫೀಸಿಗೆ ಹೋಗಿ ಏನಂತ ದೂರು ಕೊಡುತ್ತೀರಿ? ಹಳಸಿದ ಬಿರಿಯಾನಿ ಕೊಟ್ಟರೆ ಜಗಳ ಆಡಬಹುದು. ಇದರಲ್ಲಿ ಅದಕ್ಕೂ ದಾರಿಯಿಲ್ಲ, ಮತ್ತು ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಕಾನೂನಿನ ವಿಷಯದಲ್ಲಿ ಆ ಹುಡುಗ ಪೂರ್ತಿ ಸುಳ್ಳು ಹೇಳಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇಂದ್ರದ ಕಾಯ್ದೆ. ಗೋವಾ ಆಗಲಿ ಕಣಕುಂಬಿ ಇರುವ ನಮ್ಮ ಖಾನಾಪುರ ತಾಲೂಕು ಆಗಲಿ, ಎರಡೂ ಕಡೆ ಒಂದೇ. ಗದ್ದೆಯ ಈ ದೊಡ್ಡ ಕಪ್ಪೆಯನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು, ಅದರ ಮಾಂಸ ಇಟ್ಟುಕೊಳ್ಳುವುದು ಅಪರಾಧ. ಮೂರು ವರ್ಷದವರೆಗೆ ಜೈಲಾಗಬಹುದು, ದಂಡ ಬೇರೆ. ಪಾರ್ಸೆಲ್ ಕಟ್ಟಿಸಿಕೊಂಡು ಬರುವ ಶೂರರು ಇದನ್ನು ನೆನಪಿಡಿ. ಚೆಕ್‌ಪೋಸ್ಟಿನಲ್ಲಿ ಡಬ್ಬಿ ತೆಗೆದರೆ ಸಿಕ್ಕಿಬೀಳುವುದು ನೀವೇ, ಮಾರಿದವನಲ್ಲ.

“ಫ್ರಾನ್ಸಿನವರು ತಿನ್ನಲ್ವಾ?” ಅಂತ ಕೇಳುವವರು ಯಾವಾಗಲೂ ಒಬ್ಬರು ಇರುತ್ತಾರೆ. ತಿನ್ನುತ್ತಾರೆ. ಒಂದು ಕಾಲಕ್ಕೆ ನಮ್ಮ ದೇಶದಿಂದಲೇ ಹಡಗುಗಟ್ಟಲೆ ಕಪ್ಪೆ ಕಾಲು ಯುರೋಪು, ಅಮೆರಿಕಕ್ಕೆ ಹೋಗುತ್ತಿತ್ತು. ಗದ್ದೆಯಲ್ಲಿ ಕಪ್ಪೆ ಕಡಿಮೆಯಾದರೆ ಹುಳ ತಿನ್ನುವವರು ಯಾರು ಅನ್ನುವ ಪ್ರಶ್ನೆ ಎದ್ದಿತು, 1987ರಲ್ಲಿ ರಫ್ತು ನಿಷೇಧ ಆಯಿತು. ಈಗ ಅವರಿಗೆ ಹೆಚ್ಚಾಗಿ ಇಂಡೋನೇಷ್ಯಾದಿಂದ ಹೋಗುತ್ತದೆ. ಅಲ್ಲೂ ಈಗ ಅದೇ ಚಿಂತೆ.

ಹಿಡಿಯುವ ಹೊತ್ತೂ ಎಂಥದ್ದು ನೋಡಿ. ವರ್ಷವಿಡೀ ಕಣ್ಣಿಗೆ ಬೀಳದ ಕಪ್ಪೆಗಳು ಮೊದಲ ದೊಡ್ಡ ಮಳೆಗೆ ಹೊರಗೆ ಬರುತ್ತವೆ. ಗಂಡು ನಿಂಬೆ ಹಳದಿ ಆಗುತ್ತದೆ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಆ ಕೂಗೇ ಹಿಡಿಯುವವರಿಗೆ ದಾರಿ ತೋರಿಸುತ್ತದೆ. ಮುಖಕ್ಕೆ ಟಾರ್ಚ್ ಬಿಟ್ಟರೆ ಕಪ್ಪೆ ಕದಲದೆ ಕೂರುತ್ತದೆ, ಎತ್ತಿ ಚೀಲಕ್ಕೆ ಹಾಕುವುದಷ್ಟೇ ಕೆಲಸ. ಮೊಟ್ಟೆ ಇಡಲು ಬಂದ ಹೆಣ್ಣೂ ಅದೇ ಚೀಲಕ್ಕೆ. ಮಳೆ ತಪ್ಪಿದರೆ ಕಪ್ಪೆಗೆ ಮದುವೆ ಮಾಡಿ ಅಕ್ಷತೆ ಹಾಕುವ ಊರುಗಳು ನಮ್ಮವು. ಮಳೆ ಬಂದ ಮೇಲೆ ಮದುಮಕ್ಕಳನ್ನೇ ಎಣ್ಣೆಗೆ ಬಿಡುವುದು ನನಗಂತೂ ಜೀರ್ಣ ಆಗಲಿಲ್ಲ.

ಅದು ಯಾವ ಗದ್ದೆಯ ಕಪ್ಪೆ ಅಂತಲೂ ಯಾರಿಗೂ ಗೊತ್ತಿರುವುದಿಲ್ಲ. ಔಷಧ ಹೊಡೆದ ಭತ್ತದ ಗದ್ದೆಯ ಹುಳ ತಿಂದು ಬೆಳೆದದ್ದು, ಆ ವಿಷ ಅದರ ಮೈಯಲ್ಲೂ ಸೇರಬಹುದು. ಸರಿಯಾಗಿ ಬೇಯದಿದ್ದರೆ ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಹೊಟ್ಟೆಹುಳದ ಕಾಟ ಬೇರೆ. ಕುರಿ, ಕೋಳಿಯನ್ನು ನಾಲ್ಕು ಜನ ನೋಡುವ ಅಂಗಡಿಯಲ್ಲಿ ಕಡಿಯುತ್ತಾರೆ. ಇದನ್ನು ಕತ್ತಲಲ್ಲಿ ಹಿಡಿದು ಹಿತ್ತಲಲ್ಲಿ ಕೊಯ್ಯುತ್ತಾರೆ. “ಫಾರ್ಮ್‌ನಾಗ ಸಾಕಿದ್ದ್ರಿ” ಅಂದರೂ ನಂಬಬೇಡಿ. ಸಾಕಿದ್ದಾದರೆ ಕಿವಿಯಲ್ಲಿ ಯಾಕೆ ಹೇಳಬೇಕು?

ತಮ್ಮ ಈಗ ಆರಾಮ ಇದ್ದಾನೆ. ಜಾಗದ ಹೆಸರು ಕೇಳಬೇಡಿ, ಸಾಬೀತು ಮಾಡಲು ನನ್ನ ಹತ್ತಿರ ಬಿಲ್ಲಿಲ್ಲ ಅಂತ ಆಗಲೇ ಹೇಳಿದೆನಲ್ಲ. ನಮ್ಮ ಕಡೆ ಯಾರಾದರೂ ಹಿಡಿಯುವುದೋ ಮಾರುವುದೋ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ಈಗಾಗಲೇ ತಿಂದು ತುಟಿ ಊದುವುದು, ಗಂಟಲು ಬಿಗಿಯುವುದು ಶುರುವಾಗಿದ್ದರೆ ಮನೆಗೆ ಹೋಗಿ ಮಜ್ಜಿಗೆ ಕುಡಿದು ಮಲಗುತ್ತೇನೆ ಅನ್ನಬೇಡಿ, 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಓಡಿ. ಡಾಕ್ಟರ್ ಏನು ತಿಂದಿರಿ ಅಂತ ಕೇಳಿದರೆ ಕಪ್ಪೆ ಅಂತಲೇ ಹೇಳಿ.