ಹಳೆ ಪತ್ರಿಕೆಯಲ್ಲಿ ಮನೆತನದ ಜಾಡು: ಬೈಂಡು, ರೀಲು, ಸ್ಕ್ಯಾನು ಮತ್ತು ಟ್ರಂಕಿನ ತುಣುಕು

ಮನೆತನದ ಹಿರಿಯರನ್ನು ಹಳೆ ಪತ್ರಿಕೆಯಲ್ಲಿ ಹುಡುಕಲು ನಾಲ್ಕು ದಾರಿಗಳಿವೆ: ಬೈಂಡ್ ಮಾಡಿದ ಸಂಪುಟ, ಮೈಕ್ರೋಫಿಲ್ಮ್ ರೀಲು, ಸ್ಕ್ಯಾನ್ ಪ್ರತಿ, ಮನೆಯ ಟ್ರಂಕಿನಲ್ಲಿ ಉಳಿದ ತುಣುಕು. ನಾಲ್ಕಕ್ಕೂ ಒಂದೇ ಪ್ರಶ್ನೆ ಕೊಟ್ಟು ನೋಡಿದೆವು. ಮನೆಯವರಿಗೆ ಗೊತ್ತಿರುವುದು ತೀರಿಕೊಂಡ ಹಿರಿಯರೊಬ್ಬರ ಶ್ರಾದ್ಧದ ತಿಥಿ ಮಾತ್ರ: ನಂದನ ಸಂವತ್ಸರ, ಮಾಘ ಬಹುಳ ಪಂಚಮಿ. ಬೇಕಾಗಿರುವುದು ಮರಣದ ಇಂಗ್ಲಿಷ್ ತಾರೀಖು ಮತ್ತು ಆಗ ಇದ್ದ ವಾರಸುದಾರರ ಹೆಸರು.

ಮೊದಲ ಎಡವಟ್ಟು ಪಂಚಾಂಗದಲ್ಲೇ ಆಗುತ್ತದೆ. ನಂದನ ಎಂದರೆ 1952 ಎಂದುಕೊಂಡು ಹೊರಟರೆ ಇಡೀ ವರ್ಷದ ಪತ್ರಿಕೆಯ ಕಟ್ಟು ತಿರುವಿದ್ದು ವ್ಯರ್ಥ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ನಂದನದ ಮಾಘ ಬರುವುದು 1953ರಲ್ಲಿ. ಬಹುಳ ಪಂಚಮಿ ಫೆಬ್ರವರಿ ಮೊದಲ ವಾರಕ್ಕೆ ಬೀಳುತ್ತದೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದೂ ನೆನಪಿರಲಿ. ಮುತ್ತಜ್ಜನ ಕಾಲದ ಮಾತಾದರೆ ಅದು 1892–93ರ ನಂದನವೂ ಆಗಿರಬಹುದು.

ಎರಡನೆಯದು, ಯಾವ ಪತ್ರಿಕೆ? 1953ರ ಫೆಬ್ರವರಿಯಲ್ಲಿ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಮಂಗಳೂರು ಮತ್ತು ಬಳ್ಳಾರಿ ಮದ್ರಾಸಿನಲ್ಲಿ, ರಾಯಚೂರು ಹೈದರಾಬಾದಿನಲ್ಲಿ. ಸರ್ಕಾರಿ ಗೆಜೆಟ್ ಬೇಕಾದರೆ ಆಯಾ ರಾಜ್ಯದ್ದನ್ನೇ ಹುಡುಕಬೇಕು. ಹುಬ್ಬಳ್ಳಿ ಕಡೆಯವರಿಗೆ ಸಂಯುಕ್ತ ಕರ್ನಾಟಕ, ಹಳೆ ಮೈಸೂರಿನವರಿಗೆ ತಾಯಿನಾಡು, 1948ರ ಅಕ್ಟೋಬರ್ ನಂತರವಾದರೆ ಪ್ರಜಾವಾಣಿ, ಮಂಗಳೂರಿನವರಿಗೆ ನವಭಾರತ. ಉಡುಪಿಯ ಮನೆತನ ಎಂದು ಉದಯವಾಣಿ ಕೇಳಿ ಪ್ರಯೋಜನವಿಲ್ಲ. ಅದು ಹುಟ್ಟಿದ್ದೇ 1970ರಲ್ಲಿ.

ಇನ್ನು ಹೋಲಿಕೆಗೆ ಬರೋಣ. ಎಲ್ಲರೂ ಮೊದಲು ಹೋಗುವುದು ಸ್ಕ್ಯಾನ್ ಪ್ರತಿಯ ಹುಡುಕು ಪೆಟ್ಟಿಗೆಗೆ. ಕನ್ನಡದ ಮಟ್ಟಿಗೆ ನಾಲ್ಕರಲ್ಲಿ ಅತಿ ದುರ್ಬಲ ಅದೇ. ಅಚ್ಚಿನ ಮೊಳೆಯಲ್ಲಿ ಜೋಡಿಸಿದ ಪುಟದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅಕ್ಷರ ಗುರುತಿಸುವ ಯಂತ್ರ ಅದನ್ನು ಮುಂದಿನ ಸಾಲಿಗೆ ಸೇರಿಸುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಅರ್ಕಾವತ್ತು ನೋಡಲು ೯ ಅಂಕಿಯಂತೆ, ಅನುಸ್ವಾರ ೦ ಸೊನ್ನೆಯಂತೆ. ಹಾಗಾಗಿ ‘ತೀರ್ಥಹಳ್ಳಿ’ ಎಂದು ಹುಡುಕಿದರೆ ಸಿಗದ ಪುಟ ‘ತೀಥ೯’ ಎಂದರೆ ಸಿಗಬಹುದು. ‘ಕೃಷ್ಣಪ್ಪ’ನಂಥ ಹೆಸರಿನ ಆಸೆ ಬಿಡಿ. ಒತ್ತಿಲ್ಲದ ಪದಗಳನ್ನು ಆರಿಸಿ: ಸೊರಬ, ಸಾಗರ, ವಕೀಲ, ಶಾನುಭೋಗ. ಇಂಗ್ಲಿಷ್ ಪತ್ರಿಕೆಗಳ ಸ್ಕ್ಯಾನು ಇದಕ್ಕಿಂತ ಎಷ್ಟೋ ಮೇಲು, ಆದರೆ ಅಲ್ಲಿ ಹಳೆ ಕಾಗುಣಿತ ಗೊತ್ತಿರಬೇಕು: ಧಾರವಾಡಕ್ಕೆ ‘ಧಾರವಾರ್’, ಚಿತ್ರದುರ್ಗಕ್ಕೆ ‘ಚಿತಲ್‌ಡ್ರೂಗ್’, ರಾವ್‌ಗೆ ‘ರೋ’. ಸಾಮಾನ್ಯ ರೈತ ಮನೆತನ ಆ ಪತ್ರಿಕೆಗಳಲ್ಲಿ ಕಾಣಿಸುವುದು ಅಪರೂಪ. ಪ್ಲೀಡರ್ (ವಕೀಲ), ಅಮಲ್ದಾರ್ (ತಾಲೂಕಿನ ಕಂದಾಯ ಅಧಿಕಾರಿ) ಆಗಿದ್ದವರಿಗೆ ಮಾತ್ರ ಈ ದಾರಿ ಹೇಳುತ್ತೇವೆ.

ಮೈಕ್ರೋಫಿಲ್ಮ್ ಸುಸ್ತು ಮಾಡುತ್ತದೆ, ಆದರೆ ಮೋಸ ಮಾಡುವುದಿಲ್ಲ. ಪತ್ರಿಕೆಯ ಪುಟಗಳನ್ನು ಪುಟ್ಟದಾಗಿ ಚಿತ್ರಿಸಿಟ್ಟ, 35 ಮಿಲಿಮೀಟರಿನ, ಸುಮಾರು 100 ಅಡಿ ಉದ್ದದ ಫಿಲ್ಮಿನ ರೀಲು ಅದು, ಯಂತ್ರದಲ್ಲಿ ದೊಡ್ಡದಾಗಿಸಿ ಓದಬೇಕು. ಹಿಡಿ ತಿರುಗಿಸುತ್ತ ಹೋಗಬೇಕು. ಪುಟದ ಮಡಿಕೆ ಇದ್ದಲ್ಲಿ, ಅಂಚಿನಲ್ಲಿ ಅಕ್ಷರ ಮಸುಕಾಗುತ್ತದೆ, ಆಗ ಫೋಕಸ್ ಮತ್ತೆ ಹಿಡಿಯಬೇಕು. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮು ಹಾಳಾಗುತ್ತಿದೆ ಎಂದರ್ಥ. ಅದನ್ನು ಯಂತ್ರಕ್ಕೆ ಹಾಕದೆ ಸಿಬ್ಬಂದಿಗೆ ತಿಳಿಸಿ.

ಗೆದ್ದದ್ದು ಬೈಂಡ್ ಮಾಡಿದ ಸಂಪುಟ, ಅದೂ ತಾರೀಖು ಮೊದಲೇ ಇಕ್ಕಟ್ಟಾಗಿದ್ದಾಗ. ಎಂಟು ಪುಟದ ಪತ್ರಿಕೆಯ ಒಂದು ತಿಂಗಳೆಂದರೆ ಸುಮಾರು 240 ಪುಟ; ಪುಟಕ್ಕೆ ಅರ್ಧ ನಿಮಿಷವಾದರೂ ಎರಡು ಗಂಟೆ ಹಿಡಿಯುತ್ತದೆ. ಗ್ರಂಥಾಲಯದ ಚೀಟಿಯಲ್ಲಿ ಪತ್ರಿಕೆಯ ಹೆಸರು, ವರ್ಷ, ತಿಂಗಳು ಮೂರನ್ನೂ ಬರೆಯಿರಿ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಡಿ: ಸುದ್ದಿ ಕಾಗದ ಆಮ್ಲೀಯ, ಹಪ್ಪಳದಂತೆ ಮುರಿಯುತ್ತದೆ. ಮೇಲಿನ ಮೂಲೆಯಿಂದ ಅಂಗೈ ತೂರಿಸಿ ಹಾಳೆಯನ್ನು ಹೊತ್ತು ಹಾಕಬೇಕು. ಹೊಲಿಗೆಯ ಬದಿಯ ಕಾಲಂ ಒಳಗೆ ಸಿಕ್ಕಿಕೊಂಡಿದ್ದರೆ ಒತ್ತಿ ಬಿಡಿಸಬೇಡಿ, ಓರೆಯಾಗಿ ಎರಡು ಫೋಟೊ ತೆಗೆದರೆ ಓದಲು ಸಾಕು.

ನಮಗೆ ಬೇಕಾದ ದಿನದ ಹಾಳೆಯೇ ಇಲ್ಲದಿದ್ದರೆ ಹಿಂದಿನ ಮತ್ತು ಮುಂದಿನ ದಿನದ ಸಂಚಿಕೆ ಸಂಖ್ಯೆ ನೋಡಿ. ಸಂಖ್ಯೆ ಒಂದರ ಹಿಂದೊಂದು ಬಂದಿದ್ದರೆ ಆ ದಿನ ಪತ್ರಿಕೆಗೇ ರಜೆ. ನಡುವೆ ಹಾರಿದ್ದರೆ ಕಟ್ಟಿನಲ್ಲಿ ಲೋಪವಾಗಿದೆ, ಬೇರೆ ಗ್ರಂಥಾಲಯದ ಪ್ರತಿ ಹುಡುಕಲು ದುಡ್ಡು ಖರ್ಚು ಮಾಡಬಹುದು.

ನಿಧನ ವಾರ್ತೆಗಿಂತ ಕೋರ್ಟಿನ ನೋಟೀಸೇ ವಂಶಾವಳಿಗೆ ಹೆಚ್ಚು ಬೆಲೆಬಾಳುವುದು ಎಂಬುದು ನಮ್ಮ ಅಭಿಪ್ರಾಯ. 1925ರ ಉತ್ತರಾಧಿಕಾರ ಕಾಯ್ದೆಯ 372ನೇ ಕಲಮಿನಂತೆ ಉತ್ತರಾಧಿಕಾರ ಪ್ರಮಾಣಪತ್ರದ ಅರ್ಜಿಯಲ್ಲಿ ಮೃತರ ಮರಣದ ಸಮಯ, ವಾಸದ ಊರು, ಕುಟುಂಬದ ಅಥವಾ ಹತ್ತಿರದ ಬಂಧುಗಳ ಹೆಸರು ಮತ್ತು ವಾಸಸ್ಥಳ ಹೇಳಲೇಬೇಕು. ಅಂಥ ಅರ್ಜಿಯ ಬಗ್ಗೆ ಪತ್ರಿಕೆಯಲ್ಲಿ ಅಚ್ಚಾದ ಕೋರ್ಟಿನ ನೋಟೀಸಿನಲ್ಲಿ ಪ್ರಕರಣದ ಸಂಖ್ಯೆ ಸಿಕ್ಕಿತೆಂದರೆ ಆ ಅರ್ಜಿಯ ನಕಲಿಗೆ ದಾರಿ ತೆರೆದಂತೆ. ಇಂಥ ನೋಟೀಸು ಮರಣದ ವಾರದಲ್ಲಿ ಬರುವುದಿಲ್ಲ, ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದಿರುತ್ತವೆ. ವೈಕುಂಠ ಸಮಾರಾಧನೆಯ ಆಹ್ವಾನವಾದರೆ ಮೊದಲ ಎರಡು ವಾರದೊಳಗೆ ಹುಡುಕಬೇಕು.

ಟ್ರಂಕಿನಲ್ಲಿ ಸಿಕ್ಕ ತಾರೀಖಿಲ್ಲದ ತುಣುಕನ್ನು ಎಸೆಯುವ ಮುನ್ನ ಹಿಂಬದಿ ಓದಿ. ಜಾಹೀರಾತಿನ ಬೆಲೆ ಆಣೆಯಲ್ಲಿ ಮಾತ್ರ ಇದ್ದರೆ ಹೆಚ್ಚುಕಡಿಮೆ 1957ರ ಏಪ್ರಿಲ್‌ಗೆ ಹಿಂದಿನದು. ‘ನಯಾ ಪೈಸೆ’ ಇದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ 1972ರ ಆಗಸ್ಟ್ ಬಳಿಕದ್ದು. ‘ಮೈಸೂರು ರಾಜ್ಯ ಸರ್ಕಾರ’ ಎಂದಿದ್ದರೆ 1973ರ ನವೆಂಬರ್‌ಗೂ ಮುಂಚಿನದು. ಇವುಗಳಲ್ಲಿ ಎರಡು ಕೂಡಿದರೆ ಹುಡುಕಾಟ ಕೆಲವು ವರ್ಷಕ್ಕೆ ಇಳಿಯುತ್ತದೆ, ಉಳಿದದ್ದಕ್ಕೆ ಬೈಂಡು ಇದೆ.

ಕೊನೆಗೆ ತಾರೀಖು ಬರೆದುಕೊಳ್ಳುವಾಗಿನ ತಪ್ಪು. ಊರಿನ ಸುದ್ದಿ ಅಂಚೆಯಲ್ಲಿ ಬಂದು ಅಚ್ಚಾಗಲು ದಿನಗಳೇ ಹಿಡಿಯುತ್ತಿದ್ದವು. 8ನೇ ತಾರೀಖಿನ ಪತ್ರಿಕೆಯಲ್ಲಿ ‘ಸೊರಬ, ಫೆ. 4’ ಎಂದು ಶುರುವಾಗುವ ವರದಿ ‘ನಿನ್ನೆ ದೈವಾಧೀನರಾದರು’ ಎಂದರೆ ತೀರಿಕೊಂಡದ್ದು 3ರಂದು, 7ರಂದಲ್ಲ. ಪುಟದ ತಲೆಬರಹ ಮತ್ತು ವರದಿಯ ಮೊದಲ ಸಾಲು ಎರಡೂ ಬರುವಂತೆ ಫೋಟೊ ತೆಗೆಯಿರಿ.