ಹೊಂಗೆ, ಬೀದಿದೀಪ, ಗೋಬರ್ ಗ್ಯಾಸ್: ನಮ್ಮೂರಿನಲ್ಲಿ ಉಳಿದದ್ದು ಯಾವುದು?

ಇಂಗಾಲ ಕಡಿಮೆ ಮಾಡುವ ಕೆಲಸಕ್ಕೆ ಅನುದಾನ ಬೇಕೆಂದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟರೆ, ಅದನ್ನು ಯಾವ ಕಡತಕ್ಕೆ ಸೇರಿಸುವುದೆಂದು ಅಲ್ಲಿಯವರಿಗೇ ತಿಳಿಯುವುದಿಲ್ಲ. ಹಳೇಬೀಡು ಹೋಬಳಿಯ ನಮ್ಮ ಸ್ತ್ರೀಶಕ್ತಿ ಸಂಘ 2022ರಲ್ಲಿ ಕೊಟ್ಟ ಮೊದಲ ಅರ್ಜಿ ಹಾಗೆಯೇ ಮರಳಿ ಬಂತು. ಆ ಹೆಸರಿನ ಲೆಕ್ಕಶೀರ್ಷಿಕೆಯೇ, ಅಂದರೆ ಹಣವನ್ನು ಖರ್ಚು ಬರೆಯುವ ಬಾಬತ್ತೇ, ಇರಲಿಲ್ಲ. ಆದರೆ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಆರನೆಯದು ಸಾಮಾಜಿಕ ಅರಣ್ಯ, ಹದಿನೈದನೆಯದು ಅಸಾಂಪ್ರದಾಯಿಕ ಇಂಧನ, ಅಂದರೆ ಬಿಸಿಲು, ಸಗಣಿಯಂಥವುಗಳಿಂದ ಬರುವ ಶಕ್ತಿ. ಇದು ತಿಳಿದ ಮೇಲೆ ಇಂಗಾಲದ ಮಾತನ್ನು ಬಿಟ್ಟು ಗಿಡ, ದೀಪ, ಸಗಣಿ ಎಂದೇ ಬರೆದೆವು. ಮೂರಕ್ಕೂ ಬೇರೆ ಬೇರೆ ಕಡೆಯಿಂದ ಹಣ ಬಂತು. ಸುಲಭವಾಗಿ ಬಂದ ಹಣದ ಕೆಲಸವೇ ಮೊದಲು ಹಾಳಾಯಿತು.

ಬೇಗ ಬಂದದ್ದು ಉದ್ಯೋಗ ಖಾತ್ರಿಯ ಹಣ. ಹಾಸನದ ಮಡೆನೂರಿನಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವನ್ನು ನೋಡಿ ಬಂದಿದ್ದೆವು. ಹೊಂಗೆ, ಹಿಪ್ಪೆ, ಬೇವಿನ ಬೀಜದ ಎಣ್ಣೆ ಡೀಸೆಲ್ ಜಾಗಕ್ಕೆ ಬರಬಹುದೆಂದು ಅಲ್ಲಿ ಕಂಡ ಮೇಲೆ, ಗೋಮಾಳದ ಅಂಚಿಗೂ ಊರ ರಸ್ತೆಗೂ ಇನ್ನೂರು ಹೊಂಗೆ ಹಾಕೋಣ ಎಂದು ತೀರ್ಮಾನಿಸಿದೆವು. 2023ರಲ್ಲಿ ದಿನಗೂಲಿ 316 ರೂಪಾಯಿ, ನೇರವಾಗಿ ಖಾತೆಗೆ. ದಿನಕ್ಕೆರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವ ತೊಂದರೆಯೊಂದನ್ನು ಬಿಟ್ಟರೆ ಕೆಲಸ ಸರಾಗವಾಗಿ ನಡೆಯಿತು. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿಗೆ ಸೇರಿದವು. ನಮ್ಮ ಅಂದಾಜುಪಟ್ಟಿಯಲ್ಲಿ ಗುಂಡಿ ತೋಡುವವರಿಗೆ ಕೂಲಿ ಇತ್ತು, ಬೇಸಿಗೆಯಲ್ಲಿ ನೀರು ಹೊರುವವರಿಗೆ ಇರಲಿಲ್ಲ. ಅದನ್ನು ಸೇರಿಸಬೇಕೆಂದು ನಮಗೂ ಹೊಳೆದಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ನಾನೂ ಅಧ್ಯಕ್ಷೆಯೂ ನಡೆದು ಎಣಿಸಿದೆವು. ಜೀವ ಹಿಡಿದಿದ್ದವು ಮೂವತ್ತೊಂದು. ಅವುಗಳಲ್ಲಿ ಮೂರು ಬಿಟ್ಟರೆ ಉಳಿದವೆಲ್ಲ ಯಾರದೋ ಮನೆಯ ಬಚ್ಚಲ ನೀರು ಹರಿದುಹೋಗುವ ದಾರಿಯಲ್ಲಿದ್ದವು. ಗೋಮಾಳದ ಕಡೆ ಮುಳ್ಳಿನ ಬೇಲಿಯೊಳಗೆ ಬರೀ ಕಡ್ಡಿ.

ಬೀದಿದೀಪದ ಹಣ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಮಾತ್ರ ದೀಪಕ್ಕೆ ಜಾಗವಿತ್ತು, ಅದರ ಮೇಲೆ ಚರಂಡಿ, ಕಾಂಕ್ರೀಟು ರಸ್ತೆ ಕೇಳುವ ಎಲ್ಲರ ಕಣ್ಣು. ಎರಡು ಗ್ರಾಮಸಭೆಗಳಲ್ಲಿ ನಮ್ಮ ಬೇಡಿಕೆ ಕೊನೆಗೆ ಉಳಿದು, ಹಾಗೆಯೇ ಬಿದ್ದುಹೋಯಿತು. ಮೂರನೆಯ ಸಭೆಗೆ ಹೋಗುವ ಮೊದಲು ಲೆಕ್ಕ ಹಾಕಿಕೊಂಡು ಹೋದೆವು. ಊರಿನಲ್ಲಿ ನಲವತ್ತು ಕಂಬ, ಚೋಕ್ ಸೇರಿ ಒಂದೊಂದು ಟ್ಯೂಬ್‌ಲೈಟಿಗೆ 50 ವಾಟ್. ಬೀದಿದೀಪಕ್ಕೆಂದು ಬೇರೆ ತಂತಿ ಇಲ್ಲದ ಕಾರಣ ಹಗಲೂ ರಾತ್ರಿಯೂ ಉರಿಯುತ್ತಿದ್ದವು. ನೀರುಗಂಟಿ ಅಣ್ಣ ನೆನಪಾದಾಗ ಕೋಲಿನಿಂದ ಒಂದೆರಡನ್ನು ಆರಿಸುತ್ತಿದ್ದರು, ಅಷ್ಟೇ. ದಿನಕ್ಕೆ 48 ಯೂನಿಟ್. ಬೇರೆ ತಂತಿ ಎಳೆದು, ಟೈಮರ್ ಇಟ್ಟು, 20 ವಾಟಿನ ಎಲ್‌ಇಡಿ ಹಾಕಿದರೆ ಹತ್ತು ಯೂನಿಟ್ ಒಳಗೇ ಮುಗಿಯುತ್ತದೆ. ಇದನ್ನು ಓದಿ ಹೇಳಿದಾಗ ಸಭೆಯಲ್ಲಿ ಮೊದಲು ತಲೆಯೆತ್ತಿದವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಕರೆಂಟ್ ಬಿಲ್ಲಿನ ಬಾಕಿ ಅವರ ತಲೆನೋವು.

ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವರ್ಷಕ್ಕೆ ಹತ್ತು ಟನ್ನಿನಷ್ಟು ಉಳಿತಾಯ. ಕರೆಂಟ್ ಹೋದ ಹೊತ್ತನ್ನು ಕಳೆದರೂ ಎಂಟಕ್ಕೆ ಮೋಸವಿಲ್ಲ. ನಮ್ಮ ಮೂರು ಕೆಲಸಗಳಲ್ಲಿ ಇದೇ ದೊಡ್ಡದು, ನೋಡುವುದಕ್ಕೆ ಇದೇ ಸಣ್ಣದು. ಉದ್ಘಾಟನೆಗೆ ಯಾರೂ ಬರಲಿಲ್ಲ. ಎರಡು ವರ್ಷವಾಯಿತು, ಒಂದು ದೀಪ ಕೆಟ್ಟರೆ ವಾರದೊಳಗೆ ಬದಲಾಗುತ್ತದೆ, ಟೈಮರ್ ಕೆಟ್ಟರೆ ಮರುದಿನವೇ.

ಗೋಬರ್ ಗ್ಯಾಸಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದರಲ್ಲಿ ನಾವು ಎರಡು ದಾರಿ ಹಿಡಿದು ನೋಡಿದೆವು. ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ, ಸಗಣಿಯಿಂದ ಅನಿಲ ಮತ್ತು ಗೊಬ್ಬರ ಮಾಡುವ ಗೋಬರ್‌ಧನ್ ಎಂಬ ಭಾಗದಲ್ಲಿ, ಸಾಮುದಾಯಿಕ ಸ್ಥಾವರಗಳಿಗೆಂದು ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ಅವಕಾಶವಿತ್ತು. ಇಡೀ ಊರಿಗೆ ಒಂದೇ ಸ್ಥಾವರ ಎಂಬ ಆಸೆ ನನಗೇ ಹೆಚ್ಚಾಗಿತ್ತು. ಅರ್ಜಿಗೆ ಮೊದಲು ಮೂರು ವಾರ ಸಗಣಿ ಕೂಡಿಸಿ ನೋಡೋಣ ಎಂದು ದೇವಸ್ಥಾನದ ಹಿಂದೆ ತೊಟ್ಟಿ ಇಟ್ಟೆವು. ಮೊದಲ ವಾರ ಹದಿನೆಂಟು ಮನೆ, ಮೂರನೆಯ ವಾರ ಐದು. ಸಗಣಿ ರಾಗಿ ಹೊಲದ ಗೊಬ್ಬರ. ತಿಪ್ಪೆಗೆ ಹೋಗಬೇಕಾದದ್ದನ್ನು ಬೆಳಗಿನ ಗಡಿಬಿಡಿಯಲ್ಲಿ ಊರಾಚೆಗೆ ಹೊತ್ತು ಹಾಕುವವರು ಹೆಂಗಸರು, ಅನಿಲದ ಕೊಳವೆ ಯಾರ ಮನೆಗೆ ಮೊದಲು ಎಂದು ಮಾತನಾಡುವವರು ಗಂಡಸರು. ಹೊರಬರುವ ಬಗ್ಗಡವನ್ನು ಹಂಚುವುದು ಹೇಗೆಂಬ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ. ನಾವೇ ಕೈಬಿಟ್ಟೆವು. ಹಣ ಬಂದ ಮೇಲೆ ಸೋಲುವುದಕ್ಕಿಂತ ಅದು ಮೇಲು.

ಎರಡನೆಯದು ಮನೆಮನೆಯ ಸ್ಥಾವರ. 2022ರ ನವೆಂಬರಿನ ಕೇಂದ್ರದ ಮಾರ್ಗಸೂಚಿಯಂತೆ 2ರಿಂದ 4 ಘನ ಮೀಟರಿನದಕ್ಕೆ 14,350 ರೂಪಾಯಿ ಸಹಾಯಧನವಿತ್ತು. ಆದರೆ ಅದು ಕಟ್ಟಿ ಮುಗಿಸಿ, ತಪಾಸಣೆಯಾದ ಮೇಲೆ ಬರುತ್ತಿದ್ದ ಹಣ. ಇಟ್ಟಿಗೆ, ಸಿಮೆಂಟು, ಗಾರೆಯವರ ಕೂಲಿ ಎಲ್ಲ ಮೊದಲೇ ನಮ್ಮ ಕೈಯಿಂದ ಹೋಗಬೇಕಿತ್ತು. ಆ ಕಂದಕವನ್ನು ದಾಟಿಸಿದ್ದು ಊರಿನ ಹಾಲಿನ ಸಂಘ. ಮುಂಗಡ ಕೊಟ್ಟು ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವೇ ಹಿಡಿದುಕೊಂಡಿತು. ಒಂಬತ್ತು ಮನೆಗಳಲ್ಲಿ ಕಟ್ಟಿದೆವು, ಏಳು ಇಂದಿಗೂ ನಡೆಯುತ್ತಿವೆ. ನಿಂತುಹೋದ ಎರಡೂ ಹಸು ಮಾರಿದ ಮನೆಗಳವು. ಎರಡು ಘನ ಮೀಟರಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ರಾಸು ಇಲ್ಲದವರು ಇದಕ್ಕೆ ಕೈಹಾಕಬಾರದು.

ನಮ್ಮ ಮನೆಯಲ್ಲಿ ವರ್ಷಕ್ಕೆ ಹತ್ತು ಸಿಲಿಂಡರ್ ಉಳಿಯುತ್ತಿದೆ. ಒಂದರಲ್ಲಿ 14.2 ಕೆ.ಜಿ. ಅನಿಲ, ಉರಿದರೆ ಅದರ ಮೂರು ಪಟ್ಟು ಇಂಗಾಲದ ಡೈಆಕ್ಸೈಡ್. ಹಾಗಾಗಿ ಮನೆಯೊಂದಕ್ಕೆ 400 ಕೆ.ಜಿ. ದಾಟುತ್ತದೆ. ಆದರೆ ಕೊಳವೆ ಸೋರಿದರೆ ಈ ಲೆಕ್ಕವೆಲ್ಲ ತಿರುಗುಮುರುಗು, ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಅದಕ್ಕೇ ಪ್ರತಿ ಅಮಾವಾಸ್ಯೆಯ ದಿನ ಅತ್ತೆ ಬಟ್ಟೆಯನ್ನು ಸೋಪಿನ ನೊರೆಯಲ್ಲಿ ಅದ್ದಿ ಕೊಳವೆಯ ಪ್ರತಿ ಗಂಟಿಗೂ ಸವರುತ್ತಾರೆ. ಗುಳ್ಳೆ ಎದ್ದ ಕಡೆ ಬೆರಳಿಟ್ಟು ನನ್ನನ್ನು ಕೂಗುತ್ತಾರೆ.

ಬೇರೆ ಊರಿನ ಸಂಘದವರು ಕೇಳಿದರೆ ನಾನು ಮೊದಲು ದೀಪ ಎನ್ನುತ್ತೇನೆ. ತಡವಾದರೂ ಪಂಚಾಯಿತಿಯ ಬೆನ್ನು ಬಿಡಬೇಡಿ, ಏಕೆಂದರೆ ಬಿಲ್ಲು ಕಟ್ಟುವವರೂ ಅವರೇ, ಕಾಯುವವರೂ ಅವರೇ. ರಾಸುಗಳಿರುವ ಊರಾದರೆ ಮನೆಮನೆಯ ಗೋಬರ್ ಗ್ಯಾಸ್, ಅದೂ ಹಾಲಿನ ಸಂಘ ಜೊತೆಗಿದ್ದರೆ. ಗಿಡ ಕೊನೆಗೆ.

ಗಿಡವನ್ನು ನಾವು ಬಿಟ್ಟಿಲ್ಲ. ಈ ಸಲದ ಗ್ರಾಮಸಭೆಗೆ ಅರವತ್ತು ಗುಂಡಿಗಳ ಪಟ್ಟಿ ಬರೆದಿದ್ದೇವೆ. ಎಲ್ಲವೂ ಬಚ್ಚಲ ನೀರಿನ ದಾರಿಯಲ್ಲೇ ಇವೆ, ಒಂದೊಂದರ ಎದುರಿಗೂ ಒಂದು ಮನೆಯವರ ಹೆಸರಿದೆ. ಯಾರೂ ಹೆಸರು ಕೊಡದ ಏಳು ಗುಂಡಿಗಳನ್ನು ನೆನ್ನೆ ಪಟ್ಟಿಯಿಂದ ಹೊಡೆದುಹಾಕಿದೆವು.