ಬಾವೀಲಿ ಈಜು ಕಲ್ತಿದೀವಿ ಅನ್ನೋ ಧೈರ್ಯದ ಮೇಲೆ ಸಮುದ್ರಕ್ಕೆ ಇಳೀಬೇಡಿ

ಮೇ ಕೊನೇ ವಾರ ನಾವು ಐದು ಜನ ಕೋಲಾರದಿಂದ ಉಡುಪಿ ಕಡೆ ಹೋಗಿದ್ವಿ. ಒಬ್ಬ ಮೀನುಗಾರ ಅಣ್ಣ ಆ ಹೊತ್ತಲ್ಲಿ ಅಲ್ಲಿ ಇಲ್ದೇ ಇದ್ದಿದ್ರೆ ನಾಲ್ಕೇ ಜನ ವಾಪಸ್ ಬರ್ತಿದ್ವಿ. ಈಗ ಜೂನಲ್ಲಿ ಆಫ್ ಸೀಸನ್, ರೂಮ್ ರೇಟು ಕಮ್ಮಿ ಸಿಗತ್ತೆ ಅಂತ ನಮ್ಮ ಕಡೆ ಹುಡುಗ್ರು ಗುಂಪು ಗುಂಪಾಗಿ ಬೀಚಿಗೆ ಹೊರಡ್ತಾ ಇದಾರೆ, ಅದನ್ನ ನೋಡಿ ಸುಮ್ನೆ ಇರಕ್ಕಾಗ್ದೆ ಬರೀತಿದೀನಿ. ದಯವಿಟ್ಟು ಪೂರ್ತಿ ಓದಿ.

ದೊಡ್ಡ ಪ್ಲಾನ್ ಏನೂ ಇರ್ಲಿಲ್ಲ. ಮೂರು ದಿನ ಸಮುದ್ರದ ಪಕ್ಕ ಬಿದ್ಕೊಳ್ಳೋದು, ಹೊಟ್ಟೆ ತುಂಬ ಮೀನು ತಿನ್ನೋದು, ಅಷ್ಟೇ. ನಮ್ಮೂರ ಪಕ್ಕ ಹಾದು ಹೋಗೋ ಹೈವೇ 75 ಇದ್ಯಲ್ಲ, ಅದೇ ರೋಡು ಬೆಂಗಳೂರು, ಹಾಸನ, ಶಿರಾಡಿ ಘಾಟ್ ಎಲ್ಲ ದಾಟಿ ಬಂಟ್ವಾಳದ ತನಕ ಹೋಗತ್ತೆ. ರಾತ್ರಿ ಹೊರಟು ಬೆಳಿಗ್ಗೆ ತಿಂಡಿ ಹೊತ್ತಿಗೆ ಮಂಗಳೂರು ದಾಟಿದ್ವಿ. ಶ್ರೀನಿವಾಸಪುರದವನು (ಹೆಸರು ಯಾರ್ದೂ ಹಾಕಲ್ಲ, ಊರಿಂದಾನೇ ಕರೀತೀನಿ) ಅವ್ರ ತೋಟದ್ದು ಎರಡು ಕ್ರೇಟ್ ಬಾದಾಮಿ ಮಾವು ಡಿಕ್ಕೀಲಿ ಹಾಕ್ಕೊಂಡು ಬಂದಿದ್ದ, ಕಾರೆಲ್ಲಾ ಘಮ್ ಅಂತಿತ್ತು.

ಮೊದಲ್ನೇ ದಿನ ತುಂಬ ಚೆನ್ನಾಗಿತ್ತು. ಸಂಜೆ ಕಾಪು ಲೈಟ್‌ಹೌಸ್ ಹತ್ತಿದ್ವಿ, 1901ರಲ್ಲಿ ಬಂಡೆ ಮೇಲೆ ಕಟ್ಟಿರೋದು, ಮೇಲಿಂದ ನೋಡಿದ್ರೆ ಎರಡೂ ಕಡೆ ಕಣ್ಣು ಹಾಯೋಷ್ಟು ದೂರ ಬರೀ ಮರಳು, ನೀರು. ರಾತ್ರಿ ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ಮರುವಾಯಿ ಸುಕ್ಕ, ನೀರ್ ದೋಸೆ. ನಮ್ಮ ಕಡೆ ಮೀನು ಅಂದ್ರೆ ಕೆರೆ ಮೀನು, ರೋಹು ಕಾಟ್ಲಾ, ಮುಳ್ಳು ಆರ್ಸೋದ್ರಲ್ಲೇ ಅರ್ಧ ಗಂಟೆ ಹೋಗತ್ತೆ. ಈ ಕಾಣೇನ ಬೆನ್ನತ್ರ ಸ್ವಲ್ಪ ಒತ್ತಿ ಎಳೆದ್ರೆ ನಡು ಮುಳ್ಳು ಬಾಚಣಿಗೆ ತರ ಹಂಗೇ ಈಚೆ ಬಂದ್ಬಿಡತ್ತೆ. ಎಷ್ಟು ತಿಂದ್ವೋ ಲೆಕ್ಕ ಇಲ್ಲ.

ಎರಡನೇ ದಿನ ಮಧ್ಯಾಹ್ನ ಊಟ ಹೊಡ್ದು, ಇಬ್ರು ಬಿಯರ್ ಕೂಡ ಹಾಕಿದ್ರು ಅದನ್ನ ಮುಚ್ಚಿಡಲ್ಲ, ನಾಲ್ಕು ಗಂಟೆ ಹೊತ್ತಿಗೆ ಹೋಮ್‌ಸ್ಟೇ ಹಿಂದೇನೇ ಇರೋ ಬೀಚಿಗೆ ಹೋದ್ವಿ. ಅಲ್ಲಿ ಬಾವುಟ ಇಲ್ಲ, ಬೋರ್ಡ್ ಇಲ್ಲ, ಲೈಫ್‌ಗಾರ್ಡ್ ಇಲ್ಲ, ಒಂದು ಹಗ್ಗ ಕೂಡ ಇಲ್ಲ. ಹೋಮ್‌ಸ್ಟೇಯವ್ರು "ಪ್ರೈವೇಟ್ ಬೀಚ್ ತರ ಸಾರ್, ಜನಾನೇ ಇರಲ್ಲ, ಆರಾಮಾಗಿ ಇಳೀರಿ" ಅಂದಿದ್ರು. ಜನ ಇರಲ್ಲ ಅನ್ನೋದನ್ನ ನಾವು ಅನುಕೂಲ ಅಂದ್ಕೊಂಡ್ವಿ. ಜನ ಇಲ್ಲ ಅಂದ್ರೆ ಕೂಗಿದ್ರೆ ಬರೋರೂ ಇಲ್ಲ ಅನ್ನೋದು ಆಗ ತಲೆಗೇ ಹೋಗ್ಲಿಲ್ಲ.

ಇಲ್ಲಿಂದ ಸರಿಯಾಗಿ ಓದಿ. ಎಡಗಡೆ ಬಲಗಡೆ ಎರಡೂ ಕಡೆ ಅಲೆ ದಬದಬ ಅಂತ ಬಡೀತಿತ್ತು, ಮಧ್ಯದಲ್ಲಿ ಒಂದು ಇಪ್ಪತ್ತಡಿ ಅಗಲದ ಜಾಗದಲ್ಲಿ ಮಾತ್ರ ಅಲೇನೇ ಇಲ್ಲ, ನೀರು ಸ್ವಲ್ಪ ಕೆಂಪಗೆ ಮಣ್ಣು ಬಣ್ಣ, ಕೆರೆ ತರ ನಿಂತಂಗೆ ಕಾಣ್ತಿತ್ತು. ಅಲೆ ಇಲ್ಲ, ಸೇಫು, ಇಲ್ಲೇ ಇಳಿಯೋಣ ಅಂತ ಅದೇ ಜಾಗ ಆರಿಸ್ಕೊಂಡ್ವಿ. ಹೆಚ್ಚುಕಮ್ಮಿ ಎಲ್ರೂ ಅದೇ ತಪ್ಪು ಮಾಡ್ತಾರಂತೆ.

ಮುಳಬಾಗಿಲಿನವನು ನಮ್ಮಲ್ಲೆಲ್ಲ ಚೆನ್ನಾಗಿ ಈಜೋನು. ಎಂಟನೇ ವಯಸ್ಸಲ್ಲೇ ಅವ್ರ ತೋಟದ ಬಾವೀಲಿ ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಕೊಂಡು ಕಲ್ತೋನು, ಮೇಲಿಂದ ಡೈ ಹೊಡೆಯೋನು. ಅವನೇ ಮುಂದೆ ಹೋದ. ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ, ಕಾಲ ಕೆಳಗಿನ ಮರಳು ಯಾರೋ ಚಾಪೆ ಎಳೆದಂಗೆ ಜಾರ್ತು ಅಂತ ಆಮೇಲೆ ಹೇಳ್ದ. ಒಂದು ನಿಮಿಷ ಕೂಡ ಆಗಿಲ್ಲ, ಮೂವತ್ತು ನಲ್ವತ್ತು ಮೀಟ್ರು ಒಳಗಡೆ ಇದಾನೆ. ನಮ್ಮ ಕಡೆ ತಿರುಗಿ ಜೋರಾಗಿ ಕೈ ಬಡೀತಾ ಇದಾನೆ, ಆದ್ರೆ ಹತ್ರ ಬರೋ ಬದ್ಲು ದೂರ ಹೋಗ್ತಾ ಇದಾನೆ. ನಾವು ಆಟ ಆಡ್ತಿದಾನೆ ಅಂದ್ಕೊಂಡ್ವಿ. ಬಂಗಾರಪೇಟೆಯವನು ವಿಡಿಯೋ ಮಾಡ್ತಿದ್ದ. ಆ ವಿಡಿಯೋ ಇನ್ನೂ ಅವನ ಮೊಬೈಲಲ್ಲಿದೆ, ಅದ್ರಲ್ಲಿ ಅವನ ಕೈ ಮೇಲೆ ಏಳೋದು ಕಾಣತ್ತೆ, ನಮ್ಮ ನಗು ಕೇಳತ್ತೆ. ಡಿಲೀಟ್ ಮಾಡಕ್ಕೂ ಮನಸ್ಸು ಬರ್ತಿಲ್ಲ, ನೋಡಕ್ಕೂ ಆಗ್ತಿಲ್ಲ.

ಮುಳುಗೋರು ಸಿನಿಮಾದಲ್ಲಿ ತೋರಿಸ್ದಂಗೆ ಕಾಪಾಡಿ ಕಾಪಾಡಿ ಅಂತ ಕೂಗಲ್ಲ. ಬಾಯಿ ನೀರಿನ ಮಟ್ಟಕ್ಕೆ ಇರತ್ತೆ, ಉಸಿರಾಡಕ್ಕೇ ಆಗಲ್ಲ, ಕೂಗೋದೆಲ್ಲಿ? ಅವನು ಸುಮ್ನೆ ಇದ್ದ, ತಲೆ ಹಿಂದಕ್ಕೆ ವಾಲಿತ್ತು. ಅದನ್ನ ನೋಡಿದ್ಮೇಲೇ ನನಗೆ ಎದೆ ಧಸಕ್ ಅಂದಿದ್ದು. ನಾನು ಹಿಂದೆ ಮುಂದೆ ನೋಡ್ದೆ ಓಡಿ ಇಳಿದೆ, ತೊಡೆ ಮಟ್ಟಕ್ಕೇ ನೀರು ನನ್ನನ್ನೂ ಎಳೀತು. ಅಷ್ಟೊತ್ತಿಗೆ ಹಿಂದಿಂದ ಒಂದು ಕೂಗು, "ಏಯ್ ಇಳೀಬೇಡ ಮಾರಾಯಾ, ವಾಪಸ್ ಬಾ!"

ದೋಣಿ ಪಕ್ಕ ಬಲೆ ಸರಿ ಮಾಡ್ತಾ ಕೂತಿದ್ದ ಅಣ್ಣ, ಐವತ್ತು ವಯಸ್ಸಿರ್ಬೋದು. ಒಂದು ಖಾಲಿ ಕ್ಯಾನಿಗೆ ನೈಲಾನ್ ಹಗ್ಗ ಬಿಗಿದು, ನೇರ ನೀರಿಗೆ ಬೀಳ್ದೆ ಪಕ್ಕಕ್ಕೆ ಓಡಿದ್ರು, ಅಲೆ ಬಡೀತಿದ್ದ ಜಾಗದಿಂದ ಇಳಿದು ಅಡ್ಡವಾಗಿ ಅವನತ್ರ ಹೋದ್ರು. ಕ್ಯಾನು ಕೈಗೆ ಕೊಟ್ಟು ದಡಕ್ಕೆ ಎಳೀದೆ ಅಡ್ಡಕ್ಕೇ ಎಳ್ಕೊಂಡು ಹೋದ್ರು, ಆಮೇಲೆ ಅಲೆಗಳೇ ಇಬ್ರನ್ನೂ ದಡಕ್ಕೆ ತಳ್ತು. ಮರಳ ಮೇಲೆ ಮಲಗಿಸ್ದಾಗ ಅವನ ಮುಷ್ಟೀಲಿ ಆ ಅಣ್ಣನ ಅಂಗಿ ತುಂಡು ಇತ್ತು, ಬೆರಳು ಬಿಡಿಸಕ್ಕೆ ನಮಗೆ ಇಬ್ರು ಬೇಕಾಯ್ತು.

ಅವ್ರು ಹೇಳಿದ್ದು, ಆಮೇಲೆ ನಾನು ಓದಿ ತಿಳ್ಕೊಂಡಿದ್ದು ಎರಡೂ ಸೇರಿಸಿ ಹೇಳ್ತೀನಿ. ಅಲೆಗಳು ದಡಕ್ಕೆ ತಂದು ಸುರಿಯೋ ನೀರು ವಾಪಸ್ ಹೋಗ್ಲೇಬೇಕಲ್ವಾ, ಅದು ಮರಳು ದಿಬ್ಬದ ಮಧ್ಯೆ ಆಳ ಇರೋ ಕಡೆ ದಾರಿ ಮಾಡ್ಕೊಂಡು ಕಾಲುವೆ ತರ ಹೊರಗೆ ನುಗ್ಗತ್ತೆ. ರಿಪ್ ಕರೆಂಟ್ ಅಂತಾರೆ. ಆಳ ಇರೋದಕ್ಕೇ ಅಲ್ಲಿ ಅಲೆ ಒಡೆಯಲ್ಲ, ಶಾಂತವಾಗಿ ಕಾಣತ್ತೆ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ಹೋಗತ್ತೆ, ಒಲಿಂಪಿಕ್ಸ್ ಈಜುಗಾರನೂ ಎದುರು ಈಜಿ ಗೆಲ್ಲೋದು ಕಷ್ಟ. ಅದು ಕೆಳಗೆ ಎಳೆಯಲ್ಲ, ಹೊರಗೆ ಎಳೆಯತ್ತೆ, ಜನ ದಡದ ಕಡೆ ಈಜಿ ಈಜಿ ಸುಸ್ತಾಗಿ ಮುಳುಗ್ತಾರೆ. ಸಿಕ್ಕಾಕ್ಕೊಂಡ್ರೆ ಎದುರು ಹೋಗ್ಬೇಡಿ, ಅಂಗಾತ ತೇಲಿ, ಒಂದು ಕೈ ಮೇಲೆತ್ತಿ, ಆಮೇಲೆ ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ. ದಡದಲ್ಲಿರೋರು ನನ್ನಂಗೆ ಹಾರ್ಬೇಡಿ. ಕ್ಯಾನು, ಟ್ಯೂಬು, ಮುಚ್ಚಳ ಬಿಗಿ ಮಾಡಿದ ಖಾಲಿ ಬಾಟ್ಲು, ತೇಲೋದು ಏನಿದ್ರೂ ಎಸೀರಿ, 112ಕ್ಕೆ ಫೋನ್ ಮಾಡಿ.

ನಮ್ಮ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ಒಂದು ನದೀನೂ ಇಲ್ಲ. ನಾವು ಈಜು ಕಲಿಯೋದೇ ಬಾವೀಲಿ, ಕೆರೇಲಿ, ನಿಂತ ನೀರಲ್ಲಿ. ಹರಿಯೋ ನೀರು ಹೆಂಗೆ ಎಳೆಯತ್ತೆ ಅನ್ನೋದು ನಮ್ಮ ಮೈಗೆ ಗೊತ್ತೇ ಇಲ್ಲ. 2024ರ ಡಿಸೆಂಬರಲ್ಲಿ ನಮ್ಮ ಮುಳಬಾಗಿಲು ತಾಲೂಕಿನ 4 ಜನ ಹೆಣ್ಮಕ್ಳು ಶಾಲಾ ಪ್ರವಾಸಕ್ಕೆ ಅಂತ ಹೋಗಿ ಮುರುಡೇಶ್ವರದ ಸಮುದ್ರದಲ್ಲಿ ಹೋಗ್ಬಿಟ್ರು. ಆವತ್ತು ನಾವೆಲ್ಲ ಸ್ಟೇಟಸ್ ಹಾಕಿದ್ವಿ, ಅತ್ತಿದ್ವಿ. ಅದೇ ನಾವು ಬಾವುಟಾನೂ ಇಲ್ದಿರೋ ಬೀಚಿಗೆ ಇಳಿದ್ವಿ. ಇದು ನನಗೆ ಇನ್ನೂ ಚುಚ್ತಾ ಇದೆ.

ಇನ್ನೊಂದು ವಿಷ್ಯ, ಇದು ಯಾರೂ ಹೇಳಲ್ಲ. ದಡಕ್ಕೆ ತಂದ್ಮೇಲೆ ಅವನು ಉಪ್ಪುನೀರು, ಅನ್ನ ಎಲ್ಲ ವಾಂತಿ ಮಾಡಿ ಎದ್ದು ಕೂತ, ಟೀ ಕುಡ್ದ, ನಾವು ಸರಿ ಹೋದ ಅಂದ್ಕೊಂಡು ರೂಮಿಗೆ ಕರ್ಕೊಂಡು ಹೋದ್ವಿ. ರಾತ್ರಿ ಒಂಬತ್ತಕ್ಕೆ ಕೆಮ್ಮು ಶುರು, ಮಲಗಿದ್ರೆ ಉಸಿರು ಕಟ್ಟತ್ತೆ ಅಂತಾನೆ, ತುಟಿ ಬಣ್ಣ ಬೇರೆ ಆಗಿತ್ತು. ಆಸ್ಪತ್ರೆಗೆ ಓಡಿಸಿದ್ವಿ. ಎಕ್ಸ್‌ರೇ ತೆಗ್ದು ಆಕ್ಸಿಜನ್ ಹಾಕಿ ಬೆಳಗಿನ ತನಕ ಇಟ್ಕೊಂಡ್ರು. ಶ್ವಾಸಕೋಶಕ್ಕೆ ನೀರು ಹೋಗಿದ್ರೆ ಕೆಲವು ಗಂಟೆ ಆದ್ಮೇಲೂ ಜೋರಾಗತ್ತಂತೆ. "ಇಷ್ಟು ಲೇಟ್ ಮಾಡ್ಬಾರ್ದಿತ್ತು ನೀವು" ಅಂತ ಡಾಕ್ಟ್ರಮ್ಮ ಬೈದ್ರು, ಸರಿಯಾಗೇ ಬೈದ್ರು. ನೀರು ಕುಡಿದೋರು ಎದ್ದು ಓಡಾಡ್ತಿದ್ರೂ ಅವತ್ತೇ ಡಾಕ್ಟ್ರಿಗೆ ತೋರಿಸಿ.

ಜೂನ್ ಟ್ರಿಪ್ ಬಗ್ಗೆ ಕೇಳ್ತಿರೋರಿಗೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳೀಲಿ ಮೀನು ಮರಿ ಮಾಡೋ ಕಾಲ ಅಂತ ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಇರತ್ತೆ, ಅಂದ್ರೆ ನೀವು ಅಂದ್ಕೊಂಡಿರೋ ತಾಜಾ ಮೀನೂ ಆ ತರ ಸಿಗಲ್ಲ. ಮಳೆಗಾಲದ ಸಮುದ್ರ ಬೇರೆ. ಏಪ್ರಿಲ್ ಮೇನಲ್ಲೂ ಇಲ್ಲಿ ಗಾಳಿ ಇಲ್ದಿದ್ರೂ ಎಲ್ಲೋ ದಕ್ಷಿಣದ ಮಹಾಸಾಗರದಿಂದ ದೊಡ್ಡ ಅಲೆ ಬರೋದುಂಟು, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದಕ್ಕೆ ಅಲರ್ಟ್ ಕೊಡತ್ತೆ, ಹೊರಡೋ ಮುಂಚೆ ನೋಡಿ. ಲೈಫ್‌ಗಾರ್ಡ್ ಇರೋ ಬೀಚಿಗೇ ಹೋಗಿ, ಕೆಂಪು ಬಾವುಟ ಇದ್ರೆ ಕಾಲು ಕೂಡ ಹಾಕ್ಬೇಡಿ, ಕುಡಿದಿದ್ರೆ ಅವತ್ತು ನೀರಿಗೆ ಬೇಡ.

ಮಾರನೇ ದಿನ ಡಿಸ್ಚಾರ್ಜ್ ಮಾಡಿಸ್ಕೊಂಡು ಆ ಅಣ್ಣನ ಹುಡುಕ್ಕೊಂಡು ಹೋದ್ವಿ. ದುಡ್ಡು ಕೊಟ್ರೆ ಮುಟ್ಲಿಲ್ಲ, "ಎಂತ ಮಾರಾಯಾ, ಜೀವ ಉಳಿದದ್ದಕ್ಕೆ ದುಡ್ಡಾ" ಅಂದ್ರು. ಮಾವಿನ ಕ್ರೇಟ್ ಮಾತ್ರ ಇಟ್ಕೊಂಡ್ರು. ಒಂದು ಹಣ್ಣು ದೋಣಿ ಅಂಚಲ್ಲೇ ಹೆಚ್ಚಿ ನಮಗೂ ಒಂದೊಂದು ಹೋಳು ಕೊಟ್ಟು, ಚಾಕು ಹಿಡಿದ ಕೈಯಲ್ಲೇ ನೀರಿನ ಕಡೆ ತೋರಿಸಿದ್ರು. "ನಿನ್ನೆ ಆ ಕಲ್ಲಿನ ಎದುರು ಇತ್ತು ನೋಡಿ, ಇವತ್ತು ಈಚೆ ಬಂದಿದೆ. ಜಾಗ ಬದಲಾಗ್ತಾ ಇರ್ತದೆ." ನೋಡಿದ್ರೆ ಹೌದು, ಅದೇ ಕೆಂಪು ನೀರು, ನೊರೆ ಹೊರಗಡೆ ಹೋಗ್ತಿದೆ. ಅದ್ರ ಎದುರುಗಡೇನೇ ಮೂರು ಜನ ಹುಡುಗ್ರು ಚಪ್ಲಿ ಬಿಟ್ಟು ಶರ್ಟ್ ಬಿಚ್ತಾ ಇದ್ರು, ಹಿಂದೆ ನಿಂತಿದ್ದ ಅವ್ರ ಕಾರು ಕೆಎ 40, ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಗಾಡಿ. ಕೈಲಿದ್ದ ಹೋಳು ಅಲ್ಲೇ ಬಿಟ್ಟು ಕೂಗ್ಕೊಂಡು ಓಡಿದ್ವಿ.